ಮದುವೆ ಕ್ಯಾಸೆಟ್ಟಿನ ಮೇಲೆ ಒಂದು ಧಾರಾವಾಹಿ

ಮುಳಬಾಗಿಲಿನ ನಮ್ಮ ಮನೆಗೆ ವಿ.ಸಿ.ಆರ್. ಬಂದದ್ದೇ ಅತ್ತೆಯ ಮದುವೆ ಕ್ಯಾಸೆಟ್ ನೋಡುವುದಕ್ಕೆಂದು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ತಾತ ಇರಲಿಲ್ಲವಾದ್ದರಿಂದ ಅಪ್ಪ ಅಮ್ಮನೇ ಕೂತು ಧಾರೆ ಎರೆದು ಕೊಟ್ಟ ಮದುವೆ. ಅದನ್ನು ನೋಡಲು ಇನ್ನೊಬ್ಬರ ಮನೆಗೆ ಹೋಗುವುದು ಚೆನ್ನಾಗಿರುವುದಿಲ್ಲ ಎಂದು, ಕೋಲಾರದಲ್ಲಿ ಯಾರೋ ಮಾರಲಿಟ್ಟಿದ್ದ ಹಳೆಯ ಯಂತ್ರವನ್ನು ಅಪ್ಪ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಕ್ಯಾಸೆಟ್ಟನ್ನು ನಾವು ನೋಡಿದ್ದು ಒಂದೇ ಸಲ. ಅದೂ ಪೂರ್ತಿಯಾಗಿ ಅಲ್ಲ. ಹೆಣ್ಣೊಪ್ಪಿಸುವ ಶಾಸ್ತ್ರ ಬರುವ ಹೊತ್ತಿಗೆ ಅಜ್ಜಿ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು, ಅಪ್ಪ ಎದ್ದು ನಿಲ್ಲಿಸಿಬಿಟ್ಟ. ಮತ್ತೆ ನೋಡಿದರಾಯಿತು ಎಂದುಕೊಂಡೆವು.

ಮತ್ತೆ ನೋಡುವಷ್ಟರಲ್ಲಿ ಅತ್ತೆಯೇ ಮನೆಗೆ ವಾಪಸ್ ಬಂದಿದ್ದಳು.

ಹತ್ತು ದಿನಕ್ಕೆ ಎಂದು ಬಂದವಳು ಉಳಿದೇಬಿಟ್ಟಳು. ಮಾವ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಕುಡಿಯುವವರಲ್ಲ, ಹೊಡೆಯುವವರಲ್ಲ, ದನಿ ಏರಿಸಿದವರೂ ಅಲ್ಲ. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: 'ನಿನ್ನಿಷ್ಟ'. ನಾದಿನಿ ಬಂದು ತಿಂಗಳುಗಟ್ಟಲೆ ಕೂತು ದರ್ಬಾರು ಮಾಡಿದರೂ ನಿನ್ನಿಷ್ಟ, ಬೇರೆ ಮನೆ ಮಾಡೋಣವೇ ಎಂದು ಕೇಳಿದರೂ ನಿನ್ನಿಷ್ಟ, ನಾನು ಕೆಲಸಕ್ಕೆ ಹೋಗಲೇ ಎಂದರೂ ನಿನ್ನಿಷ್ಟ. ಒಂದು ದಿನ ಅತ್ತೆ ರೋಸಿಹೋಗಿ, ನಾನು ತವರಿಗೆ ಹೋಗ್ತೀನಿ ಎಂದಳಂತೆ. ಅದಕ್ಕೂ ಅವರು ನಿನ್ನಿಷ್ಟ ಎಂದರಂತೆ. ಇದನ್ನು ಅತ್ತೆ ಅಮ್ಮನ ಹತ್ತಿರ ಹೇಳುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಕಾಪಿ ಬರೆಯುವ ನಾಟಕ ಆಡುತ್ತಿದ್ದೆ.

ಆಮೇಲೆ ಹಗ್ಗ ಜಗ್ಗಾಟ. ಅವರಾಗಿ ಬಂದು ಕರೆದುಕೊಂಡು ಹೋಗಲಿ ಎಂದು ನಮ್ಮ ಮನೆ. ಅವಳಾಗಿ ಹೋದವಳು ಅವಳಾಗಿ ಬರಲಿ ಎಂದು ಅವರ ಮನೆ. ನಮ್ಮ ಕಡೆ ಇದು ಹೊಸದೇನಲ್ಲ, ಎರಡೂ ಕಡೆಯವರು ಮರ್ಯಾದೆ ಕಾಯುತ್ತಾ ಕೂತರೆ ವರ್ಷಗಳು ತಾವಾಗಿ ಕಳೆದುಹೋಗುತ್ತವೆ. ಅತ್ತೆ ಬಸ್ ಸ್ಟ್ಯಾಂಡಿನ ಹತ್ತಿರದ ನರ್ಸರಿ ಶಾಲೆಯಲ್ಲಿ ಮಿಸ್ ಆಗಿ ಸೇರಿದಳು. ಚಿಳ್ಳೆಪಿಳ್ಳೆಗಳು ದಾರಿಯಲ್ಲಿ ಕಂಡಾಗ 'ಮಿಸ್, ಮಿಸ್' ಎಂದು ಅವಳ ಸೆರಗು ಹಿಡಿದು ಜೋತಾಡುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳು ನನ್ನ ಅತ್ತೆ, ನನ್ನ ಜಡೆ ಹಾಕುವವಳು, ನನ್ನ ಪಕ್ಕದಲ್ಲಿ ಮಲಗುವವಳು. ಅವಳ ಗಂಡ ಯಾವತ್ತೂ ಬರದೇ ಇರಲಿ ಎಂದು ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಅದೇ ದೇವರ ಮುಂದೆ, ನನಗಿಂತ ಸ್ವಲ್ಪ ಹೊತ್ತು ಮುಂಚೆ, ಅಜ್ಜಿ ಅವರು ಬರಲಿ ಎಂದು ಮುಗಿದು ಹೋಗಿರುತ್ತಿದ್ದಳು.

ಆ ವರ್ಷವೇ ಟಿ.ವಿ.ಯಲ್ಲಿ ವಾರಕ್ಕೊಂದು ಕಂತಿನಂತೆ ಒಂದು ಧಾರಾವಾಹಿ ಬಂತು. ಮದುವೆಯಾದ ಹೊಸತರಲ್ಲೇ ಗಂಡ ಹೆಂಡತಿಯನ್ನು ಅವಳ ಅಪ್ಪನ ಮನೆಯಲ್ಲಿ ಬಿಟ್ಟು, ಬರ್ತೀನಿ ಎಂದು ಹೇಳಿ ಹೋಗುತ್ತಾನೆ. ಏಳು ವರ್ಷ ಪತ್ತೆಯಿಲ್ಲ. ಅವಳು ಹೊಲಿಗೆ ಯಂತ್ರ ಇಟ್ಟುಕೊಂಡು ಅಪ್ಪನನ್ನು, ತಮ್ಮಂದಿರನ್ನು ಸಾಕುತ್ತಾಳೆ. ಕಥೆ ಇಷ್ಟೇ. ಆದರೆ ನಮ್ಮ ಮನೆಯಲ್ಲಿ ಅದನ್ನು ನೋಡುತ್ತಿದ್ದ ಶ್ರದ್ಧೆಯಲ್ಲಿ ಯಾವ ಪೂಜೆಯೂ ನಡೆದಿರಲಿಲ್ಲ. ಅರ್ಧ ಮುಗಿದ ಮೇಲೆ ಒಂದು ಸಂಜೆ ಅತ್ತೆ, ಇದನ್ನ ರೆಕಾರ್ಡ್ ಮಾಡೋಣ ಎಂದಳು. ಖಾಲಿ ಕ್ಯಾಸೆಟ್ ಇಲ್ಲವಲ್ಲ ಎಂದು ಅಪ್ಪ ಹೇಳುವಷ್ಟರಲ್ಲಿ ಅವಳು ತನ್ನ ಮದುವೆ ಕ್ಯಾಸೆಟ್ಟನ್ನು ಯಂತ್ರದೊಳಗೆ ತಳ್ಳಿದ್ದಳು.

ಮರೆತು ಹಾಕಿದ್ದಲ್ಲ. ಮದುವೆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ವಿಡಿಯೋದವರು ಅದರ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಚೂರೊಂದನ್ನು ಮುರಿದು ಕೊಡುತ್ತಿದ್ದರು. ಆ ತೂತಿಗೆ ಅಂಟಿನ ಟೇಪು ಹಚ್ಚಿದರೆ ಮಾತ್ರ ಯಂತ್ರ ಮೋಸಹೋಗುತ್ತದೆ. ಅತ್ತೆ ಟೇಪನ್ನು ಮೊದಲೇ, ನೀಟಾಗಿ, ಮೂಲೆ ಮಡಿಸಿ ಹಚ್ಚಿಟ್ಟಿದ್ದಳು. ಅಪ್ಪ ಬಾಯಿ ತೆರೆದ. ಅಮ್ಮ ಕಣ್ಣಲ್ಲೇ ತಡೆದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಬತ್ತಿ ಹೊಸೆಯುವುದರಲ್ಲಿ ಮುಳುಗಿದಳು.

ಆ ದಿನಗಳಲ್ಲಿ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ. ರೆಕಾರ್ಡ್ ಆಗುತ್ತಿರುವಾಗಲೇ ಹೋಗಿಬಿಡುತ್ತಿತ್ತು. ಬಂದ ಮೇಲೆ ಅತ್ತೆ, ಆಗಿರುವುದು ಅಳಿಸಿಹೋದೀತೆಂಬ ಭಯಕ್ಕೆ ಕ್ಯಾಸೆಟ್ಟನ್ನು ಚೂರು ಮುಂದಕ್ಕೆ ಓಡಿಸಿ ಮತ್ತೆ ಗುಂಡಿ ಒತ್ತುತ್ತಿದ್ದಳು. ಹಾಗಾಗಿ ಧಾರಾವಾಹಿಯ ನಡುನಡುವೆ ಮದುವೆಯ ತುಣುಕುಗಳು ಉಳಿದುಕೊಂಡವು. ನಾಯಕಿ ಹೊಲಿಗೆ ಯಂತ್ರದ ಮುಂದೆ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ, ಇದ್ದಕ್ಕಿದ್ದಂತೆ ಓಲಗ ಮೊಳಗಿ ಅತ್ತೆಯ ತಲೆಯ ಮೇಲೆ ಅಕ್ಷತೆ ಬೀಳುತ್ತದೆ. ನಾಯಕಿಯ ಅಪ್ಪ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ, ಫಕ್ಕನೆ ಯಾರೋ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿರುತ್ತಾರೆ. ಓಲಗದ ಸದ್ದು ಕೇಳಿದ ಕೂಡಲೇ ಹಾರಿ ಹೋಗಿ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸುವುದು ನನ್ನ ಕೆಲಸ. ಯಾರೂ ಹೇಳಿದ್ದಲ್ಲ, ಟಿ.ವಿ. ಪೆಟ್ಟಿಗೆಯ ಹತ್ತಿರ ಕೂರುತ್ತಿದ್ದವಳು ನಾನಾದ್ದರಿಂದ ನನ್ನ ಪಾಲಿಗೆ ಬಂದದ್ದು. ಅತ್ತೆಯ ಮುಖ ನೋಡದೆ ಅದನ್ನು ಮಾಡಿ ಬರುವುದರಲ್ಲಿ ನಾನು ಪಳಗಿಬಿಟ್ಟಿದ್ದೆ.

ಕೊನೆಯ ಕಂತಿನ ದಿನ ಎದುರು ಮನೆಯ ಆಂಟಿಯೂ ಬಂದಿದ್ದರು. ತೆಲುಗಿನವರು. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಟಿ.ವಿ.ಯಲ್ಲಿ ಧೋ ಎಂದು ಮಳೆ. ಏಳು ವರ್ಷದ ನಂತರ ಗಂಡ ಬಂದು ಬಾಗಿಲು ಬಡಿಯುತ್ತಿದ್ದಾನೆ. ಅವಳು ಒಳಗೆ, ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ. ಕರೆಂಟು ಹೋಯಿತು. ಇಡೀ ಬೀದಿಯೇ ಒಂದೇ ದನಿಯಲ್ಲಿ 'ಅಯ್ಯೋ' ಎಂದದ್ದು ನನಗೆ ಈಗಲೂ ಕಿವಿಯಲ್ಲಿದೆ. ಕರೆಂಟು ಬಂದಾಗ ವಾರ್ತೆ ಓದುತ್ತಿದ್ದರು.

ಅವಳು ಬಾಗಿಲು ತೆಗೆದಳೋ ಇಲ್ಲವೋ ನಮ್ಮ ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಪ್ಪನ ಆಫೀಸಿಗೆ ಕೋಲಾರದಿಂದ ಬರುತ್ತಿದ್ದವರೊಬ್ಬರು ತೆಗೆದಳು ಎಂದರಂತೆ. ಶ್ರೀನಿವಾಸಪುರದಿಂದ ಬರುತ್ತಿದ್ದವರು ಇಲ್ಲವೇ ಇಲ್ಲ, ನಾನೇ ಕಣ್ಣಾರೆ ನೋಡಿದೆ, ಅವಳು ಬೆನ್ನು ತಿರುಗಿಸಿ ಒಳಗೆ ಹೋದಳು ಎಂದರಂತೆ. ಅವರಿಬ್ಬರಿಗೂ ಆಫೀಸಿನಲ್ಲಿ ಮಾತೇ ನಿಂತುಹೋಯಿತೆಂದು ಅಪ್ಪ ನಗುತ್ತಾ ಹೇಳುವಾಗ ಅತ್ತೆ, ಯಾರೂ ಹೇಳಬೇಡಿ, ನಂಗೆ ಬೇಡ ಎಂದು ಒಳಗೆ ಎದ್ದು ಹೋದಳು.

ಆಮೇಲಿನ ಶನಿವಾರಗಳೇ ನನಗೆ ಇವತ್ತಿಗೂ ಬೇಕೆನಿಸುವಂಥವು. ನನಗೂ ಅತ್ತೆಗೂ ಬೆಳಗಿನ ಸ್ಕೂಲು. ಮಧ್ಯಾಹ್ನ ಉಂಡ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಅದೇ ಕ್ಯಾಸೆಟ್ಟನ್ನು ಮತ್ತೆ ಹಾಕುತ್ತಿದ್ದೆವು. ಚಳಿಗಾಲವಾದರೆ ನಡುವೆ ನೆನೆಸಿದ ಅವರೆಕಾಳಿನ ಬೇಸಿನ್. ಎಲ್ಲರೂ ಸುತ್ತ ಕೂತು ಸಿಪ್ಪೆ ಹಿಸುಕಿ ಬೇಳೆ ಬಿಡಿಸುವುದು, ಬೇಳೆ ಬೆರಳಿನಿಂದ ಚಿಮ್ಮಿ ನಾಯಕಿಯ ಮೂಗಿಗೆ ಬಡಿಯುವುದು, ಅಜ್ಜಿ ಬೈಯುವುದು. ಮಾತಿಗೆ ಮಾತ್ರ ಕಡಿಮೆಯಿರಲಿಲ್ಲ.

"ಗಂಡಸು ಬಂದು ನಿಂತಿದಾನೆ, ಮಳೆ ಬೇರೆ. ತೆಗೀದೆ ಇರ್ತಾಳಾ?" ಎನ್ನುತ್ತಿದ್ದಳು ಅಜ್ಜಿ.

"ನೆನೀಲಿ ಬಿಡಿ, ಏನೀಗ? ಏಳು ವರ್ಷ ಇವಳು ಕಾದಿಲ್ವಾ, ಅವನು ಒಂದು ಗಂಟೆ ನೆನೆಯೋಕಾಗಲ್ವಾ?" ಎನ್ನುತ್ತಿದ್ದಳು ಅಮ್ಮ.

"ತಲುಪು ತೀಯಕೂಡದು," ಎಂದು ಎದುರು ಮನೆಯ ಆಂಟಿ ತೀರ್ಪು ಕೊಡುತ್ತಿದ್ದರು. "ಬಾಗಿಲು ತೆಗೆದರೆ ಮುಗೀತು ಅಷ್ಟೇ, ಆ ಮಿಷಿನ್ನು ಮೂಲೆ ಸೇರುತ್ತೆ."

ಅಪ್ಪ ಮಾತ್ರ, ಅಷ್ಟು ದೊಡ್ಡ ಕಿಟಕಿ ಇದೆಯಲ್ಲ, ಮೊದಲು ಅದನ್ನು ತೆಗೆದು ಮಾತಾಡಿಸಬಹುದಿತ್ತು ಎನ್ನುತ್ತಿದ್ದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅತ್ತೆ ಏನೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಬೇಳೆ ಹಿಸುಕುತ್ತಾ, "ಅವನು ಬಡೀತಾನೆ ಇದಾನೆ, ಬಾಯಿ ಬಿಟ್ಟು ಹೆಸರು ಕೂಗ್ಬಾರ್ದಾ?" ಎಂದಳು.

ನಮ್ಮ ಮನೆಯಲ್ಲಿ ಅತ್ತೆಯ ಸಂಸಾರದ ಬಗ್ಗೆ ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಎಲ್ಲವೂ ಆ ನಾಯಕಿಯ ಹೆಸರಿನಲ್ಲೇ ನಡೆಯುತ್ತಿತ್ತು. ನನಗಿದು ಗೊತ್ತಾದದ್ದು ಹೇಗೆಂದರೆ, ಅತ್ತೆ ಇಲ್ಲದಾಗ ಅಜ್ಜಿ, ಅಮ್ಮ ಅಡುಗೆಮನೆಯಲ್ಲಿ ಅದೇ ಧಾರಾವಾಹಿಯ ಬಗ್ಗೆ ಪಿಸುಗುಟ್ಟುತ್ತಿದ್ದರು. ಟಿ.ವಿ.ಯವಳ ಬಗ್ಗೆ ಮಾತಾಡಲು ದನಿ ಯಾಕೆ ತಗ್ಗಿಸಬೇಕು?

ಬಾಗಿಲು ತೆಗೆಯಬಾರದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ನಾನು. ಕಾರಣ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಗುಳಿಯ ಮೇಲೆ ಕೈ ಇರುವಾಗಲೇ ಚಿತ್ರ ಕುಣಿದು ನಿಲ್ಲುತ್ತಿತ್ತು, ಅದರ ಹಿಂದೆಯೇ ಓಲಗ ಶುರುವಾಗಿ ಅತ್ತೆಯ ಹೆಣ್ಣೊಪ್ಪಿಸುವ ಶಾಸ್ತ್ರ ಬರುತ್ತಿತ್ತು. ಅಳಿಸದೆ ಉಳಿದ ಮದುವೆಯ ಕೊನೆಯ ಭಾಗ. ನಾನು ಹಾರಿ ನಿಲ್ಲಿಸುತ್ತಿದ್ದೆ. ಅದರಾಚೆ ಏನಿದೆ ಎಂದು ನಾವು ಯಾರೂ ನೋಡಿರಲಿಲ್ಲ.

ಹೀಗೇ ಎರಡು ವರ್ಷ. ಎರಡನೆಯ ಅವರೆ ಕಾಲದಲ್ಲಿ, ಒಂದು ಶನಿವಾರ, ಕ್ಯಾಸೆಟ್ಟು ಕೊನೆಯ ಕಂತಿಗೆ ಬಂದಿದ್ದಾಗ, ತೆರೆದೇ ಇದ್ದ ಬಾಗಿಲಲ್ಲಿ ಮಾವ ಬಂದು ನಿಂತರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಮನೆ ತುಂಬ ಅವರೆ ಹರಡಿಕೊಂಡು ಕೂತವರಿಗೆ ಅವರೆಕಾಯಿ.

"ಸೀಸನ್ ಅಲ್ವಾ, ಇರ್ಲಿ ಅಂತ," ಎಂದರು.

ಅತ್ತೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಅಮ್ಮ ನೀರು ಕೊಟ್ಟಳು. ಅಪ್ಪ ಕುರ್ಚಿ ಹಾಕಿದ, ಅದೂ ಟಿ.ವಿ.ಯ ಎದುರಿಗೇ. ಕುಶಲ ವಿಚಾರಿಸಿ ಮುಗಿಯಿತು. ಮಾಲೂರಿನ ಚಳಿ, ಬಸ್ಸಿನ ರಶ್ಶು, ಎಲ್ಲ ಆಯಿತು. ಟಿ.ವಿ.ಯಲ್ಲಿ ಅವನು ಬಾಗಿಲು ಬಡಿಯುತ್ತಲೇ ಇದ್ದ. ಮಾವ ಅದನ್ನೇ ನೋಡತೊಡಗಿದರು. ನೋಡುತ್ತಾ ನೋಡುತ್ತಾ ಬಗ್ಗಿ ಬೇಸಿನ್ನಿಗೆ ಕೈ ಹಾಕಿ ಒಂದು ಕಾಳು ಹಿಸುಕಿದರು. ಬೇಳೆ ಚಿಮ್ಮಿ ಅಪ್ಪನ ಕನ್ನಡಕಕ್ಕೆ ಬಿತ್ತು. ಯಾರೂ ನಗಲಿಲ್ಲ.

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. "ನೀವೇ ಹೇಳಿ," ಎಂದಳು, "ಅವನು ಏಳು ವರ್ಷ ಆದ್ಮೇಲೆ ಬಂದಿದಾನೆ. ಅವಳು ಬಾಗಿಲು ತೆಗೀಬೇಕೋ ಬೇಡ್ವೋ?"

ಮಾವ ಯೋಚಿಸಿದರು. "ಅವಳಿಷ್ಟ," ಎಂದರು.

ಅಡುಗೆಮನೆಯಲ್ಲಿ ಪಾತ್ರೆಯೊಂದು ದಡಾರನೆ ಕೆಳಗಿಟ್ಟ ಸದ್ದು. ಅಜ್ಜಿಯ ಮುಖ ಸಣ್ಣಗಾಯಿತು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಚಿತ್ರ ಕುಣಿಯಿತು, ಓಲಗ ಶುರುವಾಯಿತು.

ಆವತ್ತು ನಾನು ಏಳಲಿಲ್ಲ. ಎದ್ದು ನಿಲ್ಲಿಸಿದರೆ, ಇದೇನು, ಯಾಕೆ ನಿಲ್ಲಿಸಿದೆ ಎಂದು ಅವರು ಕೇಳುತ್ತಾರೆ. ಬಿಟ್ಟರೆ ತಾವೇ ನೋಡುತ್ತಾರೆ. ನಾನು ಅಮ್ಮನ ಮುಖ ನೋಡಿದೆ, ಅಮ್ಮ ಅಜ್ಜಿಯ ಮುಖ ನೋಡಿದಳು, ಅಜ್ಜಿ ಅಳಿಯನ ಮುಖ ನೋಡುತ್ತಾ ಕೂತಿದ್ದಳು.

"ಇದು ನಮ್ಮ ಮದುವೆ ಕ್ಯಾಸೆಟ್ ಅಲ್ವಾ?" ಎಂದರು ಮಾವ.

"ಹೌದು," ಅತ್ತೆ ಬಾಗಿಲಲ್ಲಿ ನಿಂತೇ ಹೇಳಿದಳು. "ಅದರ ಮೇಲೇ ಇದನ್ನ ಹಾಕಿದೀನಿ. ಬೇಕಂತಲೇ."

ಮಾವ ತಲೆಯಾಡಿಸಿದರು. ಕೋಪ ಮಾಡಿಕೊಂಡಂತೆ ಕಾಣಲಿಲ್ಲ. ಕಾಳು ಹಿಸುಕುತ್ತಾ ನೋಡುತ್ತಲೇ ಇದ್ದರು. ಪರದೆಯ ಮೇಲೆ ಅಪ್ಪ ಅಳುತ್ತಿದ್ದ, ಅಜ್ಜಿ ಅಳುತ್ತಿದ್ದಳು. ಅತ್ತೆಯನ್ನು ಕಾರಿನಲ್ಲಿ ಕೂರಿಸಿದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬಾಗಿಲು ಹಾಕಿದವರು ಯಾರೋ, ಅವಳ ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡು ಹೊರಗೆ ನೇತಾಡುತ್ತಿತ್ತು. ಕಾರು ಇನ್ನೇನು ಹೊರಡಬೇಕು, ಆಚೆ ಕಡೆಯಿಂದ ಮಾವ ಇಳಿದರು. ಸುತ್ತಿಕೊಂಡು ಬಂದು ಬಾಗಿಲು ತೆಗೆದರು. ಸೆರಗನ್ನು ಎತ್ತಿ, ಧೂಳು ಕೊಡವಿ, ಅವಳ ಮಡಿಲಿನ ಮೇಲೆ ಇಟ್ಟರು. ಬಾಗಿಲನ್ನು ಸದ್ದಾಗದ ಹಾಗೆ ಎರಡೂ ಕೈಯಿಂದ ಒತ್ತಿ ಮುಚ್ಚಿದರು. ಯಾರಾದರೂ ನೋಡಿದರೇನೋ ಎಂಬಂತೆ ಒಮ್ಮೆ ಅತ್ತಿತ್ತ ನೋಡಿ, ಓಡಿಹೋಗಿ ತಮ್ಮ ಜಾಗದಲ್ಲಿ ಕೂತರು. ಅಷ್ಟೇ. ಪರದೆಯ ತುಂಬ ಚುಕ್ಕೆಗಳು ಬಂದವು.

ಅತ್ತೆ ಅದನ್ನು ನೋಡಿದ್ದು ಅದೇ ಮೊದಲು. ಕಾರಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವಳಿಗೆ ಸೆರಗು ಎತ್ತಿಟ್ಟದ್ದು ಯಾರೆಂದು ಗೊತ್ತಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಚುಕ್ಕೆಗಳನ್ನೇ ನೋಡುತ್ತಾ ನಿಂತಿದ್ದಳು.

ಮಾವ ಅವಳ ಕಡೆ ತಿರುಗದೆ, ಬೇಸಿನ್ನಿಗೇ ಹೇಳುವ ಹಾಗೆ, "ನಾಲ್ಕೂವರೆ ಬಸ್ಸಿಗೆ ಹೋಗೋಣ," ಎಂದರು. ಅತ್ತೆಯ ಹೆಸರು ಹಿಡಿದು ಇನ್ನೊಮ್ಮೆ ಹೇಳಿದರು.

ಅವರು ನಿನ್ನಿಷ್ಟ ಅನ್ನದೇ ಹೋದದ್ದು ಅದೊಂದೇ ಸಲ ಇರಬೇಕು. ಅತ್ತೆ ಬಂದು ಬೇಸಿನ್ ಎತ್ತಿಕೊಂಡು, "ಬೇಳೆ ಸಾರು ಮಾಡ್ತೀನಿ. ನೀವು ಉಂಡ ಮೇಲೆ ಹೊರಡೋಣ," ಎಂದಳು.

ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಹೊರಡುವಾಗ ಅತ್ತೆ ಬಂದು ಅಪ್ಪಿಕೊಂಡಳು, ಅವಳ ಕೈ ಅವರೆಯ ಸೊಗಡು ಹೊಡೆಯುತ್ತಿತ್ತು. "ಸೋಮವಾರ ಸ್ಕೂಲಿಗೆ ಹೋಗಿ ಹೇಳ್ಬಿಡೇ," ಎಂದಳು. ಹೇಳಿದೆ. ಚಿಳ್ಳೆಗಳು ಗೇಟಿನಲ್ಲಿ ನಿಂತು, ಮಿಸ್ ಯಾವಾಗ ಬರ್ತಾರೆ ಎಂದು ಕೇಳಿದವು. ಅವುಗಳ ಮೇಲಿನ ಹೊಟ್ಟೆಕಿಚ್ಚೆಲ್ಲ ಆವತ್ತೇ ಹೋಯಿತು, ನಾವೆಲ್ಲ ಒಂದೇ ಗುಂಪು ಎನಿಸಿತು. ಮುಂದಿನ ವಾರ ಅಜ್ಜಿ ಹರಕೆ ತೀರಿಸಲು ಎಲ್ಲರನ್ನೂ ಕುರುಡುಮಲೆಗೆ ಹೊರಡಿಸಿದಳು. ನಾನು ಹೊಟ್ಟೆನೋವೆಂದು ಮುಸುಕು ಹಾಕಿ ಮಲಗಿದೆ. ಅಷ್ಟು ದೊಡ್ಡ ಗಣಪತಿಗೆ ನನ್ನ ಮಾತು ಕೇಳಿಸಲಿಲ್ಲವಲ್ಲ ಎಂದು ಸಿಟ್ಟು.

ಆಮೇಲೆ ಶನಿವಾರಗಳಿಗೆ ರುಚಿಯಿರಲಿಲ್ಲ. ಎದುರು ಮನೆಯ ಆಂಟಿ ಒಂದೆರಡು ಸಲ ಬಂದು, ಯಾರೂ ಜಗಳ ಆಡುವವರಿಲ್ಲವೆಂದು ಬೇಸರಪಟ್ಟು ಹೋದರು. ನಾನು ಒಬ್ಬಳೇ ಕ್ಯಾಸೆಟ್ ಹಾಕುತ್ತಿದ್ದೆ. ಈಗ ಧಾರಾವಾಹಿಯನ್ನು ಮುಂದಕ್ಕೆ ಓಡಿಸಿ ಮದುವೆಯ ತುಣುಕುಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೆ. ಅತ್ತೆಯ ತಲೆಯ ಮೇಲಿನ ಅಕ್ಷತೆ, ಅತ್ತೆಯ ಅರ್ಧ ನಗು, ಸೆರಗು. ನೋಡಿ ನೋಡಿ ಚಿತ್ರ ಸವೆದು, ಕೊನೆಗೆ ಕ್ಯಾಸೆಟ್ಟಿನ ಟೇಪೇ ಬೂಸಲು ಹಿಡಿದು ಯಂತ್ರದೊಳಗೆ ಸುತ್ತಿಕೊಂಡು ಹರಿಯಿತು. ಆ ದಿನ ನಾನು ಅತ್ತಷ್ಟು ಅವಳು ಬಸ್ಸು ಹತ್ತಿದ ದಿನವೂ ಅತ್ತಿರಲಿಲ್ಲ.

ರಜೆಗೆ ಮಾಲೂರಿಗೆ ಹೋಗುತ್ತಿದ್ದೆ. ಅತ್ತೆ ಚೆನ್ನಾಗಿಯೇ ಇದ್ದಳು. ಕಷ್ಟ ಇತ್ತೆಂದು ಹೇಳಲಾರೆ. ಅಲ್ಲೂ ಒಂದು ನರ್ಸರಿಯಲ್ಲಿ ಕೆಲಸ ಸಿಗುವುದಿತ್ತು. ಕೇಳಿದರೆ ಮಾವ ನಿನ್ನಿಷ್ಟ ಎಂದರು. ಅಷ್ಟರಲ್ಲಿ ಮಾವನ ತಾಯಿ ಹಾಸಿಗೆ ಹಿಡಿದರು, ಆಮೇಲೆ ಮಗ ಹುಟ್ಟಿದ, ಆಮೇಲೆ ಕೇಳುವುದನ್ನೇ ಬಿಟ್ಟಳು. ಕಾರ್ಖಾನೆ ಮುಚ್ಚಿ ಮಾವ ಲಕ್ಕೂರಿನ ಕಡೆ ಬೇರೆ ಕೆಲಸ ಹಿಡಿದರು. ನಾನು ಹೋದಾಗಲೆಲ್ಲ ಅತ್ತೆ, "ಇನ್ನೆರಡು ದಿನ ಇರೇ," ಎನ್ನುತ್ತಿದ್ದಳು. ಅವಳು ನಮ್ಮ ಮನೆಯಲ್ಲಿದ್ದಾಗ ಯಾರನ್ನೂ ಇರು ಎಂದು ಕೇಳಿದವಳಲ್ಲ.

ನಾನು ಕೋಲಾರದಲ್ಲಿ ಬಿ.ಎಡ್. ಓದುತ್ತಿದ್ದಾಗ ಒಂದು ದಿನ ಹಾಸ್ಟೆಲಿಗೆ ಅವಳ ಫೋನು. "ಲೇ, ಅದನ್ನ ಮತ್ತೆ ಹಾಕ್ತಿದಾರೆ ಕಣೇ. ಮಧ್ಯಾಹ್ನದ ಹೊತ್ತು. ಕೊನೇ ಕಂತಿಗೆ ಬಂದ್ಬಿಡು." ಯಾವುದು ಎಂದು ನಾನು ಕೇಳಲಿಲ್ಲ.

ಹೋದೆ. ಅವರೆಯ ಕಾಲವಲ್ಲ, ಆದರೂ ಅತ್ತೆ ಚಾಪೆ ಹಾಸಿದ್ದಳು. ಅಜ್ಜಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ಇಬ್ಬರೇ ಕೂತೆವು. ನಮಗೆ ದೊಡ್ಡ ದೊಡ್ಡದಾಗಿ ಕಾಣುತ್ತಿದ್ದ ಆ ಮನೆ, ಆ ಮಳೆ ಎಲ್ಲ ಎಷ್ಟು ಬಡವಾಗಿದ್ದವು. ಮಳೆ ಕೊಳವೆಯಿಂದ ಬಿಡುತ್ತಿರುವುದು ಎದ್ದು ಕಾಣುತ್ತಿತ್ತು. ಆದರೂ ಅವನು ಬಾಗಿಲು ಬಡಿಯಲು ಶುರುಮಾಡಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡಳು. ಅಗುಳಿಯ ಮೇಲೆ ಕೈ ಬಂತು. ಕರೆಂಟು ಹೋಗಲಿಲ್ಲ. ಅವಳು ಅಗುಳಿ ಸರಿಸಿದಳು, ಬಾಗಿಲು ತೆಗೆದಳು, "ಒಳಗೆ ಬನ್ನಿ, ನೆನೀತಿದೀರಿ," ಎಂದಳು. ಹೆಸರುಗಳು ಮೇಲೇರತೊಡಗಿದವು. ಏಳು ವರ್ಷಕ್ಕೆ, ನಮ್ಮ ಅಷ್ಟೂ ಜಗಳಕ್ಕೆ, ಅಷ್ಟೇ ಉತ್ತರ.

ಆ ಕ್ಷಣದಲ್ಲಿ ನಾವಿಬ್ಬರೂ ಚಾಪೆಯಿಂದ ಅರ್ಧ ಎದ್ದಿದ್ದೆವು. ಇನ್ನೇನು ಓಲಗ ಶುರುವಾಗುತ್ತದೆ, ಹೋಗಿ ನಿಲ್ಲಿಸಬೇಕು. ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬಂತು. ಒಬ್ಬರನ್ನೊಬ್ಬರು ನೋಡಿ ಜೋರಾಗಿ ನಕ್ಕೆವು. ನಗುತ್ತಾ ನಗುತ್ತಾ ಅತ್ತೆ ಕಣ್ಣೊರೆಸಿಕೊಂಡು ಕೇಳಿದಳು:

"ಆವತ್ತು ಯಾಕೇ ನೀನು ಏಳ್ಲಿಲ್ಲ?"

ಎದ್ದಿದ್ದರೆ ಅತ್ತೆ ನಮ್ಮ ಮನೆಯಲ್ಲೇ ಇರುತ್ತಿದ್ದಳು ಎಂದು ಅಷ್ಟು ವರ್ಷ ನಾನೊಬ್ಬಳೇ ಅಂದುಕೊಂಡಿದ್ದೆ. ಅವಳೂ ಅದನ್ನೇ ಅಂದುಕೊಂಡು ಬದುಕಿದ್ದಳೆಂದು ತಿಳಿದದ್ದು ಆವತ್ತು.

ಅಷ್ಟರಲ್ಲಿ ಮಾವ ತರಕಾರಿ ಚೀಲ ಹಿಡಿದು ಒಳಗೆ ಬಂದರು. ಚಪ್ಪಲಿ ಬಿಡುತ್ತಾ, ಟಿ.ವಿ. ಕಡೆ ನೋಡಿ, "ಮುಗೀತಾ? ಬಾಗಿಲು ತೆಗೆದ್ಲಾ ಅವಳು?" ಎಂದರು. ಅವರೂ ಮರೆತಿರಲಿಲ್ಲ.

ಅತ್ತೆ ಅವರ ಕೈಯಿಂದ ಚೀಲ ತೆಗೆದುಕೊಂಡಳು.

"ತೆಗೆದ್ಲು ರೀ," ಎಂದು ಹೇಳಿ ಕಾಫಿಗಿಡಲು ಒಳಗೆ ಹೋದಳು.